ನಮ್ಮ ಕೇರಿಯನ್ನು ನಾವೇ ತೋರಿಸುವುದು: ನಡಿಗೆ ಪ್ರವಾಸ ಶುರು ಮಾಡುವವರಿಗೆ ಹಂತ ಹಂತದ ಮಾರ್ಗದರ್ಶಿ

"ನಾವಿರುವ ಜಾಗಕ್ಕೆ ಹೊರಗಿನವರನ್ನು ಕರೆದುಕೊಂಡು ಬಂದು ತೋರಿಸಬೇಕು ಅಂತಿದ್ದೇವೆ. ಎಲ್ಲಿಂದ ಶುರು ಮಾಡೋದು?" ಈ ಪ್ರಶ್ನೆ ಪದೇ ಪದೇ ಬರುತ್ತಿದೆ. ಕೇಳುವವರು ಹೆಚ್ಚಾಗಿ ಅಲ್ಲೇ ಹುಟ್ಟಿ ಬೆಳೆದ ಯುವಕ ಯುವತಿಯರು, ಇಲ್ಲವೇ ಅವರ ಜೊತೆ ಕೆಲಸ ಮಾಡುವ ಸಣ್ಣ ಸಂಘಗಳು. ಪ್ರಶ್ನೆಯ ಬೆನ್ನಿಗೇ ಒಂದು ಅಳುಕೂ ಬರುತ್ತದೆ: "ಮೃಗಾಲಯ ತೋರಿಸಿದ ಹಾಗೆ ಆಗಬಾರದು." ಈ ಅಳುಕು ನಿಮಗಿದ್ದರೆ ಒಳ್ಳೆಯದು, ಅದನ್ನು ಕೊನೆಯವರೆಗೂ ಬಿಡಬೇಡಿ. ಕೆಳಗೆ ಬರೆದಿರುವುದೆಲ್ಲ ಆ ಅಳುಕಿಗೆ ಕೊಟ್ಟ ಉತ್ತರವೇ.

ಮೊದಲು ಒಂದು ಪದದ ವಿಚಾರ. ಸರ್ಕಾರಿ ಕಾಗದದಲ್ಲಿ ಇಂಥ ಜಾಗಕ್ಕೆ 'ಕೊಳೆಗೇರಿ' ಅಂತಾರೆ, ವರದಿಗಳಲ್ಲಿ 'ಅನೌಪಚಾರಿಕ ವಸತಿ' ಅಂತಾರೆ. ಅಂದರೆ ನಕ್ಷೆ, ಪರವಾನಗಿ, ಹಕ್ಕುಪತ್ರ ಇವೆಲ್ಲ ಬರುವ ಮೊದಲೇ ಜನ ತಾವೇ ಕಟ್ಟಿಕೊಂಡ ವಾಸದ ಜಾಗ. ವಿಶ್ವಸಂಸ್ಥೆಯ ವಸತಿ ವಿಭಾಗ ಇದನ್ನು ಗುರುತಿಸಲು ಐದು ಕೊರತೆಗಳನ್ನು ನೋಡುತ್ತದೆ: ಕುಡಿಯುವ ನೀರು, ಶೌಚಾಲಯ, ಗಟ್ಟಿ ಮನೆ, ಸಾಕಷ್ಟು ಜಾಗ, ಮತ್ತು ಎಬ್ಬಿಸುತ್ತಾರೆಂಬ ಭಯವಿಲ್ಲದೆ ಇರುವ ಭದ್ರತೆ. ಇದರಲ್ಲಿ ಒಂದಾದರೂ ಕೊರತೆ ಇರುವ ಮನೆಗಳಲ್ಲಿ ಜಗತ್ತಿನಲ್ಲಿ 100 ಕೋಟಿಗೂ ಜಾಸ್ತಿ ಜನ ಬದುಕುತ್ತಿದ್ದಾರೆ. ಕೊಳೆಗೇರಿ ಅನ್ನುವ ಪದದಿಂದ ಕೊಳೆ ತೆಗೆದರೆ ಉಳಿಯುವುದು ಕೇರಿ. ನಾನು ಇಲ್ಲಿ ಕೇರಿ ಅಂತಲೇ ಬರೆಯುತ್ತೇನೆ. ನೀವು ಮಾತ್ರ ನಿಮ್ಮ ಜನ ಆ ಜಾಗವನ್ನು ಏನಂತ ಕರೆಯುತ್ತಾರೋ ಅದೇ ಹೆಸರನ್ನು ಫಲಕದಲ್ಲೂ, ಮಾತಿನಲ್ಲೂ, ಟಿಕೆಟ್ಟಿನಲ್ಲೂ ಬಳಸಿ.

ಬಡವರ ಕೇರಿ ನೋಡಲು ಹೋಗುವ ಚಾಳಿ ಹೊಸದಲ್ಲ. 1880ರ ದಶಕದಲ್ಲೇ ಲಂಡನ್ನಿನ ಸ್ಥಿತಿವಂತರು ಈಸ್ಟ್ ಎಂಡ್‌ನ ಗಲ್ಲಿಗಳಿಗೆ ಗುಂಪು ಕಟ್ಟಿಕೊಂಡು ಹೋಗುತ್ತಿದ್ದರು. ಕೆಲವರು ಸಹಾಯ ಮಾಡಲು ಹೋದರು, ಬಹಳ ಜನ ಸುಮ್ನೆ ನೋಡಲು ಹೋದರು. ಈಗಿನ ರೂಪದ ಪ್ರವಾಸ 1990ರ ದಶಕದ ಶುರುವಿನಲ್ಲಿ ಬ್ರೆಜಿಲ್‌ನ ರಿಯೋ ಡಿ ಜನೈರೋ ನಗರದ ರೋಸಿನ್ಯಾ ಎಂಬ ಗುಡ್ಡದ ಕೇರಿಯಲ್ಲಿ ಬೆಳೆಯಿತು. ದಕ್ಷಿಣ ಆಫ್ರಿಕಾದಲ್ಲಿ ಎಲ್ಲ ಜನಾಂಗದವರೂ ಮತ ಹಾಕಿದ ಮೊದಲ ಚುನಾವಣೆ 1994ರಲ್ಲಿ ನಡೆದ ನಂತರ, ಕಪ್ಪು ಜನರನ್ನು ಪ್ರತ್ಯೇಕವಾಗಿ ಇರಿಸಿದ್ದ ಜೋಹಾನ್ಸ್‌ಬರ್ಗ್‌ನ ಸೊವೆಟೊ ನೋಡಲು ಬರುವವರು ಹೆಚ್ಚಾದರು. ಮುಂಬೈನ ಧಾರಾವಿಯಲ್ಲಿ 2006ರಲ್ಲಿ ಶುರುವಾಯಿತು. ರೋಸಿನ್ಯಾದಲ್ಲಿ ಬಹಳ ಕಾಲ ನಡೆದದ್ದು ಹೊರಗಿನ ಕಂಪನಿಗಳ ಜೀಪು ಪ್ರವಾಸ. ಮೇಲಿನಿಂದ ನೋಡಿ, ಫೋಟೋ ತೆಗೆದು, ವಾಪಸ್ಸು. ದುಡ್ಡೂ ಅದೇ ಜೀಪಿನಲ್ಲಿ ವಾಪಸ್ಸು ಹೋಗುತ್ತಿತ್ತು. ಕೇರಿಯವರೇ ನಡೆಸುವ ನಡಿಗೆ ಇದಕ್ಕಿಂತ ಬೇರೆಯಾಗುವುದು ಒಂದೇ ಕಾರಣಕ್ಕೆ: ಅಲ್ಲಿ "ಬೇಡ" ಅನ್ನುವ ಹಕ್ಕು ಅಲ್ಲಿ ವಾಸ ಮಾಡುವವರ ಕೈಯಲ್ಲಿರುತ್ತದೆ. ಈ ದಾರಿ ಬೇಡ, ಈ ಹೊತ್ತು ಬೇಡ, ನಮ್ಮ ಮನೆ ಬೇಡ, ಈ ಗುಂಪು ಬೇಡ.

ಶುರು ಮಾಡುವ ಮೊದಲು ಕೈಯಲ್ಲಿ ಇರಬೇಕಾದದ್ದು

ದೊಡ್ಡ ಬಂಡವಾಳ ಬೇಡ. ಕೇರಿಯಲ್ಲೇ ಇರುವ ಐದಾರು ಜನ ಬೇಕು, ಅದರಲ್ಲಿ ಅರ್ಧದಷ್ಟಾದರೂ ಹೆಣ್ಣುಮಕ್ಕಳು ಇರಲಿ. ಮೂರು ತಿಂಗಳ ಸಮಯ ಬೇಕು. ಲೆಕ್ಕ ಬರೆಯುವ ಒಂದು ಪುಸ್ತಕ, ಇಬ್ಬರು ಸೇರಿ ಸಹಿ ಹಾಕಿದರೆ ಮಾತ್ರ ದುಡ್ಡು ತೆಗೆಯಬಹುದಾದ ಬ್ಯಾಂಕ್ ಖಾತೆ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಒಂದು ಫೋನ್ ನಂಬರ್. ಇಷ್ಟೇ. ಸಮವಸ್ತ್ರ, ಲೋಗೊ, ವೆಬ್‌ಸೈಟ್ ಇವೆಲ್ಲ ಆಮೇಲೆ. ಲೋಗೊದಿಂದ ಶುರು ಮಾಡಿದ ತಂಡಗಳು ಕೇರಿಯ ಜನರನ್ನು ಕೇಳುವ ಹೊತ್ತಿಗೆ ಸುಸ್ತಾಗಿರುತ್ತವೆ.

ಹಂತ 1: ಮೊದಲು ಕೇರಿಯನ್ನೇ ಕೇಳಿ

ಎಲ್ಲಕ್ಕಿಂತ ಹೆಚ್ಚು ಸಮಯ ಇಲ್ಲೇ ಹೋಗಬೇಕು. ಹೋಗದಿದ್ದರೆ ಎಲ್ಲೋ ತಪ್ಪಿದ್ದೀರಿ ಅಂತ ತಿಳಿಯಿರಿ.

ಜನ ಸಾಮಾನ್ಯವಾಗಿ ಮಾಡುವುದು ಏನೆಂದರೆ, ಮುಖಂಡರೊಬ್ಬರನ್ನು ಭೇಟಿ ಮಾಡಿ, ಅವರು "ಆಯ್ತು, ಮಾಡಿ" ಅಂದರೆ ಕೇರಿಯೇ ಒಪ್ಪಿತು ಅಂದುಕೊಳ್ಳುವುದು. ಮುಖಂಡರ ಒಪ್ಪಿಗೆ ಬೇಕು, ನಿಜ. ಆದರೆ ಗುಂಪು ಹಾದುಹೋಗುವುದು ಅವರ ಮನೆ ಮುಂದೆ ಅಲ್ಲದೇ ಇರಬಹುದು, ಅಲ್ವಾ? ಯಾರ ಬಾಗಿಲ ಮುಂದೆ ಹೋಗುತ್ತೀರೋ ಅವರನ್ನು ಕೇಳಬೇಕು.

ಕನಿಷ್ಠ ನಾಲ್ಕು ಬಾರಿ ಬೇರೆ ಬೇರೆಯಾಗಿ ಕೂತು ಮಾತಾಡಿ. ಹೆಂಗಸರ ಜೊತೆ ಒಮ್ಮೆ, ಗಂಡಸರು ಇಲ್ಲದಾಗ. ಬಾಡಿಗೆಗೆ ಇರುವವರ ಜೊತೆ ಒಮ್ಮೆ, ಮಾಲೀಕರು ಇಲ್ಲದಾಗ. ರಾತ್ರಿ ಪಾಳಿ ಕೆಲಸದವರ ಜೊತೆ ಒಮ್ಮೆ, ಯಾಕೆಂದರೆ ಹಗಲಿನಲ್ಲಿ ನಿಮ್ಮ ಗುಂಪಿನ ಸದ್ದಿಗೆ ನಿದ್ದೆ ಕೆಡುವುದು ಅವರಿಗೇ. ಮತ್ತೆ ವಯಸ್ಸಾದವರ ಜೊತೆ ಒಮ್ಮೆ. ಸಭೆಗೆ ಬಾರದವರ ಮನೆಗೆ ನೀವೇ ಹೋಗಿ. ಸಭೆಗೆ ಬಂದಿಲ್ಲ ಅಂದಮಾತ್ರಕ್ಕೆ ಒಪ್ಪಿದ್ದಾರೆ ಅಂತ ಅಲ್ಲ.

ಮೂರು ಪ್ರಶ್ನೆ ಸಾಕು. ಹೊರಗಿನವರಿಗೆ ಏನು ತೋರಿಸಬೇಕು? ಏನು ತೋರಿಸಬಾರದು? ಇದರಿಂದ ದುಡ್ಡು ಬಂದರೆ ಅದು ಯಾವುದಕ್ಕೆ ಹೋಗಬೇಕು? ಎರಡನೇ ಪ್ರಶ್ನೆಗೆ ಬರುವ ಉತ್ತರವನ್ನು ಒಂದಕ್ಷರ ಬಿಡದೆ ಬರೆದುಕೊಳ್ಳಿ. ಒಂದು ಮನೆಯವರು ಅನುಮತಿ ಇಲ್ಲದೆ ಕೋಣೆ ಏರಿಸಿರಬಹುದು. ಇನ್ನೊಬ್ಬರು ಮನೆಯಲ್ಲೇ ಮಾಡುವ ಕೆಲಸಕ್ಕೆ ಪರವಾನಗಿ ಇರಲಿಕ್ಕಿಲ್ಲ. ಮತ್ತೊಬ್ಬರು ಯಾರಿಂದಲೋ ತಪ್ಪಿಸಿಕೊಂಡು ಬಂದು ಅಲ್ಲಿ ಇರಬಹುದು. ಅವರು ಕಾರಣ ಹೇಳಬೇಕಾಗಿಲ್ಲ. "ನಮ್ಮ ಕಡೆ ಬರಬೇಡಿ" ಅಂದರೆ ಅಷ್ಟೇ, ಮತ್ತೆ ಯಾಕೆ ಅಂತ ಕೇಳಬೇಡಿ.

ಸಂಘಗಳ ಭಾಷೆಯಲ್ಲಿ ಇದಕ್ಕೆ 'ತಿಳಿವಳಿಕೆಯ ಸಮ್ಮತಿ' ಅಂತಾರೆ. ಏನು ನಡೆಯುತ್ತದೆ, ಎಷ್ಟು ಜನ ಬರುತ್ತಾರೆ, ವಾರಕ್ಕೆ ಎಷ್ಟು ಸಲ, ದುಡ್ಡು ಎಷ್ಟು, ಯಾವಾಗ ಬೇಕಾದರೂ ಹಿಂದೆ ಸರಿಯಬಹುದು ಎಂಬುದನ್ನೆಲ್ಲ ಹೇಳಿದ ಮೇಲೆ ಪಡೆಯುವ ಒಪ್ಪಿಗೆ. "ಅಕ್ಕಾ, ಒಂದೆರಡು ಜನ ಬಂದು ಹೋಗ್ತಾರೆ ಅಷ್ಟೆ" ಅಂತ ಹೇಳಿ ಪಡೆದದ್ದು ಒಪ್ಪಿಗೆ ಅಲ್ಲ.

ಎಲ್ಲ ಕೇಳಿದ ಮೇಲೆ ಕೇರಿ ಬೇಡ ಅಂದರೆ? ಬಿಟ್ಟುಬಿಡಿ. ಎತ್ತಂಗಡಿ ನೋಟಿಸು ಬಂದಿರುವ ಜಾಗದಲ್ಲಿ ಜನ ಕ್ಯಾಮೆರಾ ಕಂಡರೆ ಹೆದರುವುದು ಸಹಜ. ಒಂದು ವರ್ಷ ಬಿಟ್ಟು ಮತ್ತೆ ಕೇಳಬಹುದು.

ಹಂತ 2: ದಾರಿ ಗುರುತು ಮಾಡಿ

ಕೇರಿಗಳಿಗೆ ನಕ್ಷೆ ಇರುವುದು ಅಪರೂಪ. ಕೀನ್ಯಾದ ನೈರೋಬಿ ನಗರದ ಕಿಬೇರಾ ಎಂಬ ಕೇರಿಯಲ್ಲಿ ಲಕ್ಷಗಟ್ಟಲೆ ಜನ ಇದ್ದರೂ 2009ರವರೆಗೆ ಸಾರ್ವಜನಿಕ ನಕ್ಷೆಗಳಲ್ಲಿ ಆ ಜಾಗ ಹೆಚ್ಚುಕಡಿಮೆ ಖಾಲಿಯಾಗಿಯೇ ಇತ್ತು. ಆ ವರ್ಷ ಅಲ್ಲಿನ ಯುವಕ ಯುವತಿಯರೇ ಜಿಪಿಎಸ್ ಉಪಕರಣ ಹಿಡಿದು ಗಲ್ಲಿ ಗಲ್ಲಿ ನಡೆದು, ನಲ್ಲಿ, ಶೌಚಾಲಯ, ಶಾಲೆ, ಕ್ಲಿನಿಕ್ ಎಲ್ಲವನ್ನೂ ಗುರುತಿಸಿ, ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಸೇರಿಸಿದರು. ಇದು ಯಾರು ಬೇಕಾದರೂ ಸೇರಿಸಬಹುದಾದ, ಬಳಸಬಹುದಾದ ಉಚಿತ ನಕ್ಷೆ. ನಿಮಗೆ ಈಗ ಅಷ್ಟು ಕೂಡ ಬೇಡ. ದೊಡ್ಡ ಹಾಳೆ, ಎರಡು ಬಣ್ಣದ ಪೆನ್ನು ಸಾಕು. ಹೋಗಬಹುದಾದ ದಾರಿಗೆ ಒಂದು ಬಣ್ಣ, ಹೋಗಬಾರದ ದಾರಿಗೆ ಇನ್ನೊಂದು. ಎರಡನೇ ಬಣ್ಣದ ಗೆರೆಗಳನ್ನು ಇಂಟರ್ನೆಟ್ಟಿಗೆ ಹಾಕಬೇಡಿ. ಯಾರು ಏನನ್ನು ಮರೆಮಾಡಲು ಬಯಸುತ್ತಾರೆ ಎಂಬುದರ ಪಟ್ಟಿಯೇ ಅದು.

ಒಂದೂವರೆಯಿಂದ ಎರಡು ಕಿಲೋಮೀಟರ್, ಎರಡು ಗಂಟೆ, ಏಳೆಂಟು ನಿಲುಗಡೆ. ಇದಕ್ಕಿಂತ ಜಾಸ್ತಿ ಮಾಡಿದರೆ ಕೊನೆಯ ಅರ್ಧ ಗಂಟೆ ಯಾರ ತಲೆಗೂ ಏನೂ ಹೋಗುವುದಿಲ್ಲ.

ಈಗ ಒಂದು ಲೆಕ್ಕ ಮಾಡಿ. ಕಿರಿದಾದ ಗಲ್ಲಿಯಲ್ಲಿ ಜನ ಒಬ್ಬರ ಹಿಂದೆ ಒಬ್ಬರು ನಡೆಯಬೇಕು. ಆರು ಜನ, ಮುಂದೆ ಒಬ್ಬ ಮಾರ್ಗದರ್ಶಿ, ಹಿಂದೆ ಒಬ್ಬರು ಅಂದರೆ ಎಂಟು ಜನ. ಒಬ್ಬೊಬ್ಬರ ನಡುವೆ ಒಂದು ಮೀಟರ್ ಬಿಟ್ಟರೂ ಸಾಲು ಎಂಟು ಮೀಟರ್ ಉದ್ದ. ಅಂದರೆ ಒಂದೇ ಹೊತ್ತಿಗೆ ಮೂರು ನಾಲ್ಕು ಮನೆಗಳ ಬಾಗಿಲಿಗೆ ಯಾರೋ ಅಡ್ಡ ನಿಂತಿರುತ್ತಾರೆ. ಅದೇ ಹೊತ್ತಿಗೆ ನಲ್ಲಿಯಲ್ಲಿ ನೀರು ಬಂದಿದೆ ಅಂದುಕೊಳ್ಳಿ. ಒಬ್ಬ ಹೆಂಗಸು ಸೊಂಟದ ಮೇಲೆ ತುಂಬಿದ ಕೊಡ, ಕೈಯಲ್ಲಿ ಇನ್ನೊಂದು ಬಕೆಟ್ಟು ಹಿಡಿದು ಎದುರಿನಿಂದ ಬರುತ್ತಾಳೆ. ನಿಮ್ಮ ಸಾಲು ಗೋಡೆಗೆ ಒತ್ತಿಕೊಂಡು ನಿಲ್ಲುತ್ತದೆ. ಬಂದವರಲ್ಲಿ ಒಬ್ಬರ ಬೆನ್ನಿನ ಚೀಲ ಹೊರಗೆ ಚಾಚಿಕೊಂಡಿದೆ. ಅವಳು ಮೈ ಓರೆ ಮಾಡುತ್ತಾಳೆ, ನೀರು ತುಳುಕುತ್ತದೆ, ಅವಳ ಕಾಲು, ಸೀರೆಯ ಅಂಚು ಒದ್ದೆಯಾಗುತ್ತದೆ. ಆ ನೀರಿಗೆ ಅವಳು ಮುಕ್ಕಾಲು ಗಂಟೆ ಸಾಲಿನಲ್ಲಿ ನಿಂತಿದ್ದಳು. ಅವಳು ಯಾರಿಗೂ ಬೈಯದೆ ಮುಂದೆ ಹೋಗಬಹುದು. ಆದರೆ ಮುಂದಿನ ಸಭೆಯಲ್ಲಿ "ಬೇಡ" ಅನ್ನುವವಳು ಅವಳೇ, ಅವಳು ಹೇಳುವುದು ನ್ಯಾಯವೇ.

ಆದ್ದರಿಂದ ನೀರು ಬರುವ ಹೊತ್ತು, ಸಾರ್ವಜನಿಕ ಶೌಚಾಲಯಕ್ಕೆ ಸಾಲು ಇರುವ ಬೆಳಗಿನ ಹೊತ್ತು, ಮಕ್ಕಳು ಶಾಲೆಗೆ ಹೋಗುವ ಹೊತ್ತು, ಇವನ್ನೆಲ್ಲ ಬರೆದಿಟ್ಟುಕೊಂಡು ಅವು ಬಿಟ್ಟು ಉಳಿದ ಸಮಯದಲ್ಲಿ ನಡಿಗೆ ಇಡಿ. ಸ್ನಾನದ ಮನೆ, ಶೌಚಾಲಯಗಳ ಬಾಗಿಲು ತೆರೆಯುವ ಗಲ್ಲಿಗಳು ದಾರಿಯಲ್ಲಿ ಬರಲೇಬಾರದು. ಕಿರಿದಾದ ಗಲ್ಲಿಯಲ್ಲಿ ನಡೆಯಿರಿ, ಆದರೆ ಅಲ್ಲಿ ನಿಂತು ಮಾತಾಡಬೇಡಿ. ಮಾತೆಲ್ಲ ಅಗಲ ಇರುವ ಕಡೆ: ಮೈದಾನದ ಅಂಚು, ಸಮುದಾಯ ಭವನದ ಮುಂದೆ, ಒಪ್ಪಿಕೊಂಡ ಮನೆಯ ಮಾಳಿಗೆ.

ಮಳೆಗಾಲದ ದಾರಿ ಬೇರೆಯೇ ಇರಲಿ. ಚರಂಡಿಯ ಮೇಲಿನ ಚಪ್ಪಡಿ ಎಲ್ಲಿ ಅಲುಗಾಡುತ್ತದೆ, ಕರೆಂಟಿನ ವೈರು ಎಲ್ಲಿ ತಲೆಮಟ್ಟಕ್ಕೆ ಜೋತಿದೆ, ಇದು ನಿಮಗೆ ಅಭ್ಯಾಸ. ಬರುವವರಿಗೆ ಗೊತ್ತಿರುವುದಿಲ್ಲ.

ಹಂತ 3: ಏನು ಹೇಳಬೇಕು ಅಂತ ಕೂಡಿಸಿಕೊಳ್ಳಿ

ಕೇರಿಯ ಇತಿಹಾಸ ಯಾವ ಪುಸ್ತಕದಲ್ಲೂ ಸಿಗುವುದಿಲ್ಲ, ಹಿರಿಯರ ಬಾಯಲ್ಲಿ ಸಿಗುತ್ತದೆ. ಮೊದಲು ಬಂದವರು ಎಲ್ಲಿಂದ, ಯಾಕೆ ಬಂದರು? ಯಾವ ಕೆಲಸ ಅವರನ್ನು ಇಲ್ಲಿಗೆ ಎಳೆಯಿತು? ಮೊದಲ ನಲ್ಲಿ ಯಾವಾಗ ಬಂತು, ಅದಕ್ಕಾಗಿ ಯಾರು ಅಲೆದರು? ಕರೆಂಟು? ರಸ್ತೆ? ಎಷ್ಟು ಸಲ ಎಬ್ಬಿಸಲು ಬಂದರು? ಒಂದು ಸಂಗತಿಯನ್ನು ಕನಿಷ್ಠ ಇಬ್ಬರ ಹತ್ತಿರ ಕೇಳಿ ತಾಳೆ ನೋಡಿ. ಇಬ್ಬರ ಮಾತು ಹೊಂದದಿದ್ದರೆ ಎರಡನ್ನೂ ಹೇಳಿ, ಅದೇ ಒಳ್ಳೆಯ ಕಥೆ.

ಮನೆಗಳನ್ನೇ ಓದಲು ಕಲಿಸಿ. ಇದು ನನಗೆ ತುಂಬ ಇಷ್ಟದ ಭಾಗ. ಒಂದು ಮನೆಯ ಮುಂದೆ ನಿಂತರೆ ಅದರ ಗೋಡೆಯಲ್ಲೇ ಇಪ್ಪತ್ತು ವರ್ಷ ಕಾಣುತ್ತದೆ. ಕೆಳಗಿನ ಅರ್ಧ ಇಟ್ಟಿಗೆ, ಮೇಲಿನ ಅರ್ಧ ತಗಡು. ಅಂದರೆ ದುಡ್ಡು ಬಂದಷ್ಟು ಕಟ್ಟಿ, ಮುಗಿದ ಕಡೆ ನಿಲ್ಲಿಸಿದ್ದಾರೆ. ಮಾಳಿಗೆಯಿಂದ ಮೇಲಕ್ಕೆ ತುಕ್ಕು ಹಿಡಿದ ಕಬ್ಬಿಣದ ಸರಳು ಚಾಚಿಕೊಂಡಿದೆ. ಅದು ಅರ್ಧಕ್ಕೆ ಬಿಟ್ಟ ಕೆಲಸವಲ್ಲ, ಮಗಳಿಗೋ ಮಗನಿಗೋ ಮುಂದೆ ಕಟ್ಟಬೇಕಾದ ಕೋಣೆಯ ಗುರುತು. ಮೆಟ್ಟಿಲು ಮನೆಯೊಳಗಿಲ್ಲ, ಹೊರಗಡೆ ಏಣಿಯ ಹಾಗೆ ಕಡಿದಾಗಿದೆ. ಯಾಕೆಂದರೆ ಮೇಲಿನ ಕೋಣೆ ಬಾಡಿಗೆಗೆ. ಇಷ್ಟನ್ನು ಹೇಳಿದರೆ ಸಾಕು, ಬಂದವರು ಮುಂದಿನ ಗಲ್ಲಿಯಲ್ಲಿ ತಾವೇ ಗೋಡೆ ನೋಡಿ ಪ್ರಶ್ನೆ ಕೇಳಲು ಶುರು ಮಾಡುತ್ತಾರೆ. ಅವರ ಕಣ್ಣು ಜನರ ಮುಖದಿಂದ ಗೋಡೆಗೆ ಹೋಗುತ್ತದೆ, ಅದೂ ಒಂದು ಲಾಭವೇ.

ರಿಯೋದ ಕಾಂತಗಾಲು ಮತ್ತು ಪವಾವ್-ಪವಾವ್‌ಜಿನ್ಯು ಎಂಬ ಗುಡ್ಡದ ಕೇರಿಗಳ ಜನ 2008ರಲ್ಲಿ ತಮ್ಮ ಇಡೀ ಜಾಗವನ್ನೇ ವಸ್ತುಸಂಗ್ರಹಾಲಯ ಅಂತ ಘೋಷಿಸಿಕೊಂಡರು. ಕಟ್ಟಡ ಕಟ್ಟಲಿಲ್ಲ. ಮನೆಗಳ ಗೋಡೆಯ ಮೇಲೆ ಕೇರಿಯ ಇತಿಹಾಸದ ಚಿತ್ರ ಬರೆಸಿದರು. ಒಂದು ಗೋಡೆಯಿಂದ ಇನ್ನೊಂದಕ್ಕೆ ನಡೆಯುತ್ತಾ ಕಥೆ ಮುಂದುವರಿಯುತ್ತದೆ.

ಇಲ್ಲಿ ಎರಡು ಗುಂಡಿಗಳಿವೆ. ಮೊದಲನೆಯದು ಎಲ್ಲರಿಗೂ ಗೊತ್ತು: ಬರೀ ದುಃಖ ಹೇಳುವುದು. ಎರಡನೆಯದರಲ್ಲಿ ಒಳ್ಳೆಯವರೂ ಬೀಳುತ್ತಾರೆ: "ಬಡವರಾದರೂ ಎಷ್ಟು ಖುಷಿಯಾಗಿದ್ದಾರೆ, ಎಷ್ಟು ದುಡೀತಾರೆ!" ಧಾರಾವಿಗೆ ಬಂದುಹೋದ ಪ್ರವಾಸಿಗರು ಆನ್‌ಲೈನ್‌ನಲ್ಲಿ ಬರೆದ ಅನಿಸಿಕೆಗಳನ್ನು ಪರಿಶೀಲಿಸಿದ ಒಂದು ಸಂಶೋಧನಾ ಲೇಖನ 2017ರಲ್ಲಿ ಬಂತು. ಅದರ ಆಕ್ಷೇಪ ಇದೇ. ಕೈಗಾರಿಕೆ, ದುಡಿಮೆಯ ಹೊಗಳಿಕೆಯ ನಡುವೆ ಬಡತನದ ಪ್ರಶ್ನೆಯೇ ಮಾಯವಾಗಿತ್ತು. ಧಾರಾವಿಯ ಮರುಬಳಕೆ ಕೆಲಸ, ಚರ್ಮದ ಕೆಲಸ, ಕುಂಬಾರವಾಡ ಇವೆಲ್ಲ ನಿಜವಾಗಿಯೂ ಹೆಮ್ಮೆಪಡುವಂಥವು. ಆದರೆ ಪ್ಲಾಸ್ಟಿಕ್ ಕರಗಿಸುವವರ ಶ್ವಾಸಕೋಶಕ್ಕೆ ಏನಾಗುತ್ತದೆ, ಶೌಚಾಲಯ ಯಾಕೆ ಸಾಲುತ್ತಿಲ್ಲ, ಅದನ್ನು ಕೊಡಬೇಕಾದವರು ಯಾರು ಎಂಬುದನ್ನೂ ಅದೇ ಉಸಿರಿನಲ್ಲಿ ಹೇಳಬೇಕು. ಬಂದವರು ಮೆಚ್ಚಿಕೊಂಡು ಹೋಗುವುದಕ್ಕಿಂತ ಅರ್ಥ ಮಾಡಿಕೊಂಡು ಹೋಗುವುದು ಮುಖ್ಯ.

ಹಂತ 4: ಮಾರ್ಗದರ್ಶಿಗಳನ್ನು ತಯಾರು ಮಾಡಿ

ಮಾರ್ಗದರ್ಶಿ ಕೇರಿಯಲ್ಲೇ ಇರುವವರಾಗಬೇಕು. ಇದರಲ್ಲಿ ರಾಜಿ ಬೇಡ. ಇಂಗ್ಲಿಷ್ ಚೆನ್ನಾಗಿ ಬರುತ್ತದೆ ಅಂತ ಹೊರಗಿನವರನ್ನು ತಂದರೆ ನಡಿಗೆಯ ಜೀವವೇ ಹೋಗುತ್ತದೆ. ಭಾಷೆ ಬಾರದಿದ್ದರೆ ಒಬ್ಬರು ಹೇಳಲಿ, ಇನ್ನೊಬ್ಬರು ಅನುವಾದ ಮಾಡಲಿ. ದೆಹಲಿಯ ನಿಜಾಮುದ್ದೀನ್ ಬಸ್ತಿಯಲ್ಲಿ ಅಲ್ಲಿನ ಯುವಕ ಯುವತಿಯರೇ ತರಬೇತಿ ಪಡೆದು ಪಾರಂಪರಿಕ ನಡಿಗೆ ನಡೆಸುತ್ತಾ ಬಂದಿದ್ದಾರೆ. ಅದೇ ಊರಿನಲ್ಲಿ ಬೀದಿಮಕ್ಕಳಿಗಾಗಿ ಕೆಲಸ ಮಾಡುವ ಸಲಾಮ್ ಬಾಲಕ್ ಟ್ರಸ್ಟ್‌ನ ನಡಿಗೆಗಳನ್ನು ಒಂದು ಕಾಲಕ್ಕೆ ಬೀದಿಯಲ್ಲಿ ಬೆಳೆದ ಯುವಕ ಯುವತಿಯರೇ ನಡೆಸುತ್ತಾರೆ. ತಮಗೆ ಗೊತ್ತಿರುವ ಬೀದಿಯನ್ನು ತಾವೇ ತೋರಿಸುತ್ತಾರೆ.

ತರಬೇತಿಯಲ್ಲಿ ನಾಲ್ಕು ವಿಷಯ ಇರಲಿ. ಹೇಳಬೇಕಾದದ್ದನ್ನು ನಿಲುಗಡೆಗೆ ಐದು ನಿಮಿಷದಲ್ಲಿ ಹೇಳುವುದು. ಗುಂಪನ್ನು ಚದುರದಂತೆ ನಡೆಸುವುದು. ಪ್ರಥಮ ಚಿಕಿತ್ಸೆ. ಮತ್ತು ಕಸಿವಿಸಿಯ ಪ್ರಶ್ನೆಗಳಿಗೆ ಉತ್ತರ.

ನಾಲ್ಕನೆಯದನ್ನು ಬಾಯಿಬಿಟ್ಟು ಅಭ್ಯಾಸ ಮಾಡಿಸಿ. "ನಿಮ್ಮ ತಿಂಗಳ ಸಂಪಾದನೆ ಎಷ್ಟು?" "ಇಲ್ಲಿ ಕಳ್ಳತನ ಜಾಸ್ತಿ ಅಲ್ವಾ?" "ಇವರ್ಯಾಕೆ ಇಷ್ಟು ಮಕ್ಕಳನ್ನು ಮಾಡಿಕೊಳ್ಳುತ್ತಾರೆ?" ಇಂಥವು ಬಂದೇ ಬರುತ್ತವೆ. ಮಾರ್ಗದರ್ಶಿಯ ಬಾಯಲ್ಲಿ ತಯಾರಾದ ಒಂದು ಮಾತು ಇರಬೇಕು: "ಅದು ಮನೆಯ ವಿಷಯ, ಅದನ್ನು ನಾವು ಮಾತಾಡುವುದಿಲ್ಲ. ಇಲ್ಲಿ ಬಾಡಿಗೆ ಹೇಗೆ ನಡೆಯುತ್ತದೆ ಅಂತ ಬೇಕಾದರೆ ಹೇಳುತ್ತೇನೆ." ನಗುಮುಖದಲ್ಲೇ ಹೇಳಬಹುದು.

ಒಂದು ಎಚ್ಚರಿಕೆ. ಮಾರ್ಗದರ್ಶಿ ತನ್ನ ನೋವಿನ ಕಥೆ ಹೇಳಿದಾಗ ಜನ ಕಣ್ಣೀರು ಹಾಕುತ್ತಾರೆ, ಟಿಪ್ಸ್ ಜಾಸ್ತಿ ಬರುತ್ತದೆ. ಆಗ ತಂಡವೇ "ಅದನ್ನೂ ಹೇಳು" ಅಂತ ಒತ್ತಾಯಿಸಲು ಶುರು ಮಾಡುತ್ತದೆ. ಹತ್ತೊಂಬತ್ತು ವರ್ಷದ ಹುಡುಗಿ ವಾರಕ್ಕೆ ನಾಲ್ಕು ದಿನ ತನ್ನ ಮನೆಯ ಸಾವನ್ನು ಅಪರಿಚಿತರ ಮುಂದೆ ಹೇಳಬೇಕಾದರೆ ಅದು ಅವಳನ್ನು ಏನು ಮಾಡುತ್ತದೆ ಯೋಚಿಸಿ. ಹೇಳುವುದು ಬಿಡುವುದು ಅವಳಿಗೆ ಬಿಟ್ಟದ್ದು. ಇವತ್ತು ಹೇಳಿ ನಾಳೆ ಬಿಟ್ಟರೂ ಯಾರೂ ಕೇಳಬಾರದು.

ಹಂತ 5: ಬರುವವರಿಗೆ ನಿಯಮ

ನಿಯಮಗಳನ್ನು ಮೂರು ಸಲ ಹೇಳಬೇಕು. ಬುಕ್ ಮಾಡುವಾಗ, ಹಿಂದಿನ ದಿನದ ಸಂದೇಶದಲ್ಲಿ, ಮತ್ತೆ ಕೇರಿಯ ಹೊರಗೆ ಸೇರುವ ಜಾಗದಲ್ಲಿ. ಒಳಗೆ ಬಂದ ಮೇಲೆ ಹೇಳಿದರೆ ತಡವಾಯಿತು.

ಗುಂಪು ಆರು ಜನರನ್ನು ಮೀರಬಾರದು. ಹನ್ನೆರಡು ಜನ ಬಂದರೆ ಎರಡು ಗುಂಪು ಮಾಡಿ, ಬೇರೆ ಬೇರೆ ದಿನ ಕರೆಯಿರಿ. ಇಪ್ಪತ್ತು ಜನರ ಕಾಲೇಜು ತಂಡ ಬಂದಾಗ ಆಸೆಯಾಗುತ್ತದೆ, ನಿಜ. ಒಪ್ಪಬೇಡಿ.

ಫೋಟೋ ಬೇಡ. ಧಾರಾವಿಯಲ್ಲಿ ನಡಿಗೆ ಶುರು ಮಾಡಿದ ರಿಯಾಲಿಟಿ ಟೂರ್ಸ್ ಮೊದಲಿನಿಂದಲೂ ಫೋಟೋ ತೆಗೆಯಬಾರದು ಎಂಬ ನಿಯಮ ಇಟ್ಟುಕೊಂಡು ಬಂದಿದೆ, ಅದರಿಂದ ಬರುವವರು ಕಡಿಮೆಯಾಗಲಿಲ್ಲ. "ಕೇಳಿ ತೆಗೆಯಬಹುದು" ಎಂಬ ಮಧ್ಯದ ನಿಯಮ ಕೇಳಲು ಚೆನ್ನಾಗಿದೆ, ನಡೆಯುವುದಿಲ್ಲ. ಆರು ಜನ ಎದುರು ನಿಂತು ಕೇಳಿದಾಗ ಎಷ್ಟು ಜನ ಬೇಡ ಅಂದಾರು? ಬದಲಿಗೆ ಇಡೀ ಕೇರಿ ಕಾಣುವ, ಯಾರ ಮುಖವೂ ಗುರುತು ಸಿಗದ ಒಂದು ಎತ್ತರದ ಜಾಗದಲ್ಲಿ ಮಾತ್ರ ಫೋನ್ ತೆಗೆಯಲು ಬಿಡಿ. ಕೇರಿಯವರೇ ತೆಗೆದ ಚಿತ್ರಗಳನ್ನು ಕೊನೆಯಲ್ಲಿ ಮಾರಾಟಕ್ಕಿಡಬಹುದು.

ಬಾಗಿಲು ತೆರೆದಿದೆ ಅಂತ ಒಳಗೆ ಇಣುಕಬಾರದು. ಒಂದೇ ಕೋಣೆಯ ಮನೆಯಲ್ಲಿ ಬಾಗಿಲೇ ಕಿಟಕಿ, ಗಾಳಿಗಾಗಿ ತೆರೆದಿರುತ್ತದೆ. ಇದನ್ನು ವಿವರಿಸಿ ಹೇಳಿದರೆ ಜನ ಪಾಲಿಸುತ್ತಾರೆ. ಮೂಗಿಗೆ ಕರ್ಚೀಫು ಹಿಡಿಯಬಾರದು ಅಂತಲೂ ಮೊದಲೇ ಹೇಳಿ. ವಾಸನೆ ತಡೆಯಲಾಗದವರು ನಡಿಗೆಯಿಂದ ಹೊರಬರಬಹುದು, ತಪ್ಪಿಲ್ಲ.

ಮಕ್ಕಳಿಗೆ ದುಡ್ಡು, ಮಿಠಾಯಿ, ಪೆನ್ನು ಏನೂ ಕೊಡಬಾರದು. ಒಂದು ಸಲ ಕೊಟ್ಟರೆ ಮುಂದಿನ ಗುಂಪು ಬಂದಾಗ ಮಕ್ಕಳು ಶಾಲೆ ಬಿಟ್ಟು ಕಾಯುತ್ತಾರೆ. ಕೊಡಲೇಬೇಕು ಅನ್ನುವವರಿಗೆ ಕೇರಿಯ ನಿಧಿಯ ಪೆಟ್ಟಿಗೆ ತೋರಿಸಿ. ಶಾಲೆಯ ತರಗತಿ, ಅಂಗನವಾಡಿ ಇವುಗಳ ಒಳಗೆ ಗುಂಪನ್ನು ಕರೆದುಕೊಂಡು ಹೋಗಬೇಡಿ, ಯಾರು ಕರೆದರೂ ಸರಿ.

ನಿಯಮ ಮುರಿದರೆ? ಮಾರ್ಗದರ್ಶಿ ಅಲ್ಲೇ ನಿಲ್ಲಿಸಿ ಒಮ್ಮೆ ಹೇಳಬೇಕು. ಎರಡನೇ ಸಲಕ್ಕೆ ನಡಿಗೆ ಮುಗಿಯಿತು. ಈ ಅಧಿಕಾರ ತನಗಿದೆ ಅಂತ ಮಾರ್ಗದರ್ಶಿಗೆ ಖಾತ್ರಿ ಇರಬೇಕು, ಆಮೇಲೆ "ಗಿರಾಕಿ ಹೋಯ್ತಲ್ಲ" ಅಂತ ತಂಡ ಗೊಣಗಬಾರದು.

ಹಂತ 6: ದುಡ್ಡಿನ ವಿಷಯ

ಜಗಳ ಆಗುವುದೇ ಇಲ್ಲಿ. ಆದ್ದರಿಂದ ಮೊದಲ ಟಿಕೆಟ್ ಮಾರುವ ಮುಂಚೆ ಹಂಚಿಕೆ ಕಾಗದದ ಮೇಲೆ ಇರಬೇಕು.

ಬಂದ ಹಣವನ್ನು ನೂರು ಭಾಗ ಅಂತ ಇಟ್ಟುಕೊಳ್ಳಿ. ನಾನು ಸೂಚಿಸುವ ಹಂಚಿಕೆ ಹೀಗೆ: ಮಾರ್ಗದರ್ಶಿಗಳಿಗೆ 40, ದಾರಿಯಲ್ಲಿ ಸಮಯ ಕೊಟ್ಟು ಮಾತಾಡುವ ಕುಶಲಕರ್ಮಿ, ಮಾಳಿಗೆ ಬಿಟ್ಟುಕೊಡುವ ಮನೆಯವರು ಇಂಥವರಿಗೆ 15, ಫೋನ್, ವಿಮೆ, ಔಷಧಿಯ ಖರ್ಚಿಗೆ 10, ಆಪತ್ತಿಗೆ ಮೀಸಲು 10, ಉಳಿದ 25 ಕೇರಿಯ ನಿಧಿಗೆ. ನಿಮ್ಮ ಸಭೆ ಬೇರೆ ಅಂಕಿ ಒಪ್ಪಬಹುದು. ಅಂಕಿಗಿಂತ ಅದು ಎಲ್ಲರಿಗೂ ಗೊತ್ತಿರುವುದು ಮುಖ್ಯ.

ಒಂದು ಪದವನ್ನು ಬಿಡಿಸಿ ತಿಳಿಯಿರಿ. 'ಆದಾಯದ ಪಾಲು' ಬೇರೆ, 'ಲಾಭದ ಪಾಲು' ಬೇರೆ. ಆದಾಯ ಅಂದರೆ ಬಂದದ್ದೆಲ್ಲ. ಲಾಭ ಅಂದರೆ ಖರ್ಚೆಲ್ಲ ಕಳೆದು ಉಳಿದದ್ದು. ರಿಯಾಲಿಟಿ ಟೂರ್ಸ್ ತನ್ನ ಲಾಭದ 80% ಭಾಗವನ್ನು ಸಮುದಾಯದ ಕೆಲಸಗಳಿಗೆ ಕೊಡುವುದಾಗಿ ಹೇಳಿಕೊಂಡಿದೆ. ಹೊರಗಿನ ಕಂಪನಿಯೊಂದು "ನಿಮ್ಮ ಕೇರಿಯಲ್ಲಿ ನಾವು ನಡೆಸುತ್ತೇವೆ, ಲಾಭದಲ್ಲಿ ಅರ್ಧ ಕೊಡುತ್ತೇವೆ" ಅಂತ ಬಂದರೆ, ಖರ್ಚಿನ ಲೆಕ್ಕ ಯಾರ ಕೈಯಲ್ಲಿರುತ್ತದೆ ಅಂತ ಮೊದಲು ಕೇಳಿ. ಖರ್ಚು ಬರೆಯುವವರು ಅವರೇ ಆದರೆ ಲಾಭ ಎಷ್ಟು ಅಂತ ಹೇಳುವವರೂ ಅವರೇ.

ತಿಂಗಳ ಲೆಕ್ಕವನ್ನು ಕೇರಿಯ ನಡುವಿನ ಫಲಕದ ಮೇಲೆ ಬರೆಯಿರಿ. ಎಷ್ಟು ನಡಿಗೆ, ಎಷ್ಟು ಜನ, ಎಷ್ಟು ಬಂತು, ಎಲ್ಲಿ ಹೋಯಿತು. ಓದು ಬಾರದವರಿಗಾಗಿ ತಿಂಗಳಿಗೊಮ್ಮೆ ಗಟ್ಟಿಯಾಗಿ ಓದಿ ಹೇಳಿ. ನಿಧಿಯ ಹಣ ಏನಾಗಬೇಕು ಎಂಬುದನ್ನು ಹಂತ 1ರಲ್ಲಿ ಜನ ಹೇಳಿದ್ದಾರಲ್ಲ, ಅದೇ ಆಗಲಿ. ಅವರು ಬೀದಿದೀಪ ಕೇಳಿದ್ದರೆ ನೀವು ಗ್ರಂಥಾಲಯ ಮಾಡಬೇಡಿ.

ಇನ್ನೊಂದು ಸೂಕ್ಷ್ಮ. ದಾರಿ ಒಂದೇ ಆದರೆ ದುಡ್ಡೂ ಅದೇ ನಾಲ್ಕು ಮನೆಗೆ, ಕಾಟವೂ ಅದೇ ಗಲ್ಲಿಗೆ. ಕೊಲಂಬಿಯಾದ ಮೆಡೆಲಿನ್ ನಗರದ ಕಮ್ಯೂನಾ 13 ನೋಡಿ. ಗುಡ್ಡದ ಮೇಲಿನ ಆ ಕೇರಿಗೆ 2011ರಲ್ಲಿ ಹೊರಾಂಗಣದ ಎಸ್ಕಲೇಟರ್‌ಗಳು, ಅಂದರೆ ತಾವೇ ಚಲಿಸುವ ಮೆಟ್ಟಿಲುಗಳು, ಬಂದವು. ಅಲ್ಲಿಯವರೆಗೆ ಜನ 28 ಅಂತಸ್ತಿನ ಕಟ್ಟಡ ಹತ್ತಿದಷ್ಟು ಮೆಟ್ಟಿಲು ದಿನವೂ ಹತ್ತುತ್ತಿದ್ದರು. ಗೋಡೆಚಿತ್ರಗಳ ನಡಿಗೆಯನ್ನು ಅಲ್ಲಿನವರೇ ನಡೆಸುತ್ತಾರೆ, ಅದು ಬಹಳ ಹೆಸರು ಮಾಡಿತು. ಎಷ್ಟೆಂದರೆ ಎಸ್ಕಲೇಟರಿನ ಅಕ್ಕಪಕ್ಕ ಪ್ರವಾಸಿಗರು ಕಿಕ್ಕಿರಿದರು, ಅಲ್ಲಿಂದ ದೂರದ ಗುಡ್ಡದ ಮನೆಗಳಿಗೆ ಅದರ ಬಿಸಿಯೂ ಇಲ್ಲ, ಲಾಭವೂ ಇಲ್ಲ. ಎರಡು ಮೂರು ದಾರಿ ಇಟ್ಟುಕೊಂಡು ತಿಂಗಳಿಗೊಮ್ಮೆ ಬದಲಿಸಿ.

ಹಂತ 7: ಅನುಮತಿ, ವಿಮೆ, ಸುರಕ್ಷತೆ

ಕೆಲವು ದೇಶಗಳಲ್ಲಿ ಪ್ರವಾಸಿ ಮಾರ್ಗದರ್ಶಿಗೆ ಪರವಾನಗಿ ಕಡ್ಡಾಯ. ನಿಮ್ಮಲ್ಲಿ ಹೇಗೆ ಅಂತ ಪ್ರವಾಸೋದ್ಯಮ ಇಲಾಖೆಯಲ್ಲಿ ಬರಹದಲ್ಲೇ ಕೇಳಿ, ಉತ್ತರವನ್ನು ಬರಹದಲ್ಲೇ ಪಡೆಯಿರಿ. ಸ್ಥಳೀಯ ಆಡಳಿತಕ್ಕೆ, ಪೊಲೀಸ್ ಠಾಣೆಗೆ ಒಂದು ಮಾಹಿತಿ ಪತ್ರ ಕೊಟ್ಟಿಡಿ. ಮೂರನೆಯವರಿಗೆ ಪೆಟ್ಟಾದರೆ ಪರಿಹಾರ ಕೊಡುವ ವಿಮೆ ಇರುತ್ತದೆ, ಅದನ್ನು 'ಪಬ್ಲಿಕ್ ಲಯಬಿಲಿಟಿ' ವಿಮೆ ಅಂತಾರೆ. ಕೈಗೆಟುಕಿದರೆ ಮಾಡಿಸಿ.

ಕೇರಿಯಲ್ಲಿ ಗಲಾಟೆ, ಪೊಲೀಸ್ ಕಾರ್ಯಾಚರಣೆ ಇದ್ದ ದಿನ ನಡಿಗೆ ಇಲ್ಲ. 2017ರ ಅಕ್ಟೋಬರ್‌ನಲ್ಲಿ ರೋಸಿನ್ಯಾದಲ್ಲಿ ಮಾದಕವಸ್ತು ಮಾರುವ ಗುಂಪುಗಳ ಕಾದಾಟ ನಡೆಯುತ್ತಿದ್ದಾಗಲೇ ಪ್ರವಾಸಕ್ಕೆ ಕರೆದೊಯ್ದಿದ್ದ ಕಾರಿನ ಮೇಲೆ ಪೊಲೀಸರು ಗುಂಡು ಹಾರಿಸಿ, ಸ್ಪೇನಿನ ಮಹಿಳೆಯೊಬ್ಬರು ಸತ್ತರು. ಬುಕಿಂಗ್ ಆಗಿದೆ, ಹಣ ಬಂದಿದೆ ಎಂಬುದು ನಡಿಗೆ ನಡೆಸಲು ಕಾರಣವಲ್ಲ. ರದ್ದಾದರೆ ಪೂರ್ತಿ ಹಣ ವಾಪಸ್ಸು ಅಂತ ನಿಯಮದಲ್ಲೇ ಬರೆದಿಡಿ, ಆಗ ತೀರ್ಮಾನ ಸುಲಭವಾಗುತ್ತದೆ.

ಹಂತ 8: ಪ್ರಯೋಗ ಮಾಡಿ, ಆಮೇಲೆ ತೆರೆಯಿರಿ

ಮೊದಲ ನಡಿಗೆಗೆ ಕೇರಿಯವರನ್ನೇ ಕರೆಯಿರಿ. ಪಕ್ಕದ ಗಲ್ಲಿಯ ಅಜ್ಜ, ಅಂಗಡಿಯವರು, ಹಂತ 1ರಲ್ಲಿ ವಿರೋಧ ಮಾಡಿದವರು. ವಿರೋಧ ಮಾಡಿದವರನ್ನು ಬಿಡಬೇಡಿ, ಅವರಷ್ಟು ಚೆನ್ನಾಗಿ ತಪ್ಪು ಹಿಡಿಯುವವರು ಸಿಗುವುದಿಲ್ಲ. ಎರಡನೆಯದಕ್ಕೆ ಹತ್ತಿರದ ಬೇರೆ ಬಡಾವಣೆಯ ಪರಿಚಯದವರು. ಮೂರನೆಯದಕ್ಕೆ ಪೂರ್ತಿ ಹೊಸಬರು. ಪ್ರತಿ ಸಲ ಒಬ್ಬರು ಗುಂಪಿನಿಂದ ಇಪ್ಪತ್ತು ಹೆಜ್ಜೆ ಹಿಂದೆ ನಡೆಯಲಿ. ಗುಂಪು ದಾಟಿದ ಮೇಲೆ ಬಾಗಿಲುಗಳಲ್ಲಿ ಜನ ಏನು ಮಾತಾಡಿಕೊಳ್ಳುತ್ತಾರೆ ಅಂತ ಕೇಳಿಸಿಕೊಳ್ಳುವುದೇ ಅವರ ಕೆಲಸ. ನೀವು ಬರೆಸಿಕೊಳ್ಳುವ ಅಭಿಪ್ರಾಯದ ಫಾರಂಗಿಂತ ಅದು ಹೆಚ್ಚು ಹೇಳುತ್ತದೆ.

ಶುರುವಾದ ಮೇಲೆ ಮೊದಲ ಆರು ತಿಂಗಳು ವಾರಕ್ಕೆ ಎರಡೇ ನಡಿಗೆ. ಮೂರು ತಿಂಗಳಿಗೊಮ್ಮೆ ದಾರಿಯ ಪ್ರತಿ ಮನೆಗೂ ಹೋಗಿ ಮತ್ತೆ ಕೇಳಿ. ಬಾಡಿಗೆದಾರರು ಬದಲಾಗಿರುತ್ತಾರೆ, ಹಳೆಯವರು ಕೊಟ್ಟ ಒಪ್ಪಿಗೆ ಹೊಸಬರದ್ದಲ್ಲ.

ಮತ್ತೆ ಒಂದು ಸಂಕೇತ ಇಟ್ಟುಕೊಳ್ಳಿ. ದಾರಿಯ ಯಾವುದೇ ಮನೆಯವರು ಯಾವುದೇ ದಿನ, ಕಾರಣ ಹೇಳದೆ, ಗುಂಪನ್ನು ತಮ್ಮ ಗಲ್ಲಿಗೆ ಬರದಂತೆ ತಡೆಯಲು ಅದು ಸಾಕಾಗಬೇಕು. ಗಲ್ಲಿಯ ತುದಿಯ ಮೊಳೆಗೆ ಒಂದು ಕೆಂಪು ಬಟ್ಟೆ ಸಿಕ್ಕಿಸುವುದು ಸುಲಭ. ಒಳಗೆ ಹೆಣ ಇಟ್ಟಿರಬಹುದು, ಬಾಣಂತಿ ಮಲಗಿರಬಹುದು, ಗಂಡ ಹೆಂಡತಿ ಜಗಳವಾಡಿರಬಹುದು, ಸುಮ್ನೆ ಬೇಡ ಅನಿಸಿರಬಹುದು. ಬಟ್ಟೆ ಕಂಡರೆ ಮಾರ್ಗದರ್ಶಿ ಮಾತು ನಿಲ್ಲಿಸದೆ ಗುಂಪನ್ನು ಪಕ್ಕದ ದಾರಿಗೆ ತಿರುಗಿಸಬೇಕು. ಈ ತಿರುವನ್ನು ಪ್ರಯೋಗದ ನಡಿಗೆಯಲ್ಲೇ ನಾಲ್ಕೈದು ಸಲ ಅಭ್ಯಾಸ ಮಾಡಿಸಿ. ಬಂದವರಿಗೆ ದಾರಿ ಬದಲಾದದ್ದು ಗೊತ್ತೇ ಆಗಬಾರದು.